ಹುಲ್ಲಿನ ಗಾಡಿಯ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯಾ? ಹೊಸದು ತರುವ ಮೊದಲು ಇಷ್ಟು ನೋಡಿ

ನಮ್ಮ ಲೇಔಟಿನ ಹುಲ್ಲಿನ ಗಾಡಿಗೆ 2024ರ ಜೂನ್‌ನಿಂದ ಅಕ್ಟೋಬರ್ ಒಳಗೆ ಎರಡು ಹೊಸ ಬ್ಯಾಟರಿ ಹಾಕಿಸಿದೆವು. ಎರಡೂ ಕೆಲವೇ ವಾರಗಳಲ್ಲಿ ಡೌನ್. ಕೊನೆಗೆ ನೋಡಿದರೆ ತಪ್ಪು ಬ್ಯಾಟರಿಯದ್ದಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಲ್ಲ, ಅದನ್ನೇ ನಾವು ಮೆಂಟೆನೆನ್ಸ್ ದುಡ್ಡಿನಲ್ಲಿ ಎರಡು ಸಲ ಮಾಡಿದ್ದೆವು.

ಹುಲ್ಲಿನ ಗಾಡಿ ಅಂದರೆ ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಮೋವರ್. ನಮ್ಮ ಮಾಲಿ ಅದನ್ನು ಹಾಗೇ ಕರೆಯುವುದು, ನನಗೂ ಅದೇ ಬಾಯಿಗೆ ಬಂದುಬಿಟ್ಟಿದೆ. ನಾನು ಮೆಕ್ಯಾನಿಕ್ ಅಲ್ಲ. ಮೂರನೇ ಬ್ಯಾಟರಿಗೆ ದುಡ್ಡು ಕೇಳೋಕೆ ನಾಚಿಕೆಯಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ವೋಲ್ಟ್, ಕರೆಂಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತಂದೆ, ಎರಡು ಭಾನುವಾರ ಶೆಡ್ಡಿನಲ್ಲಿ ಕೂತೆ. ಆಗ ಗೊತ್ತಾಗಿದ್ದನ್ನು ಬರೆಯುತ್ತಿದ್ದೇನೆ. ದೇವನಹಳ್ಳಿ, ಕನಕಪುರ ರಸ್ತೆ ಕಡೆ ಫಾರ್ಮ್‌ಹೌಸ್ ಇಟ್ಟುಕೊಂಡಿರುವ ಇಬ್ಬರು ಗೆಳೆಯರ ಗಾಡಿಗೂ ಇದೇ ದಾರಿಯಲ್ಲಿ ಹೋಗಿ ತೊಂದರೆ ಹುಡುಕಿದ್ದಾಯಿತು.

ಮೊದಲು ಟ್ಯಾಂಕಿನ ಲೆಕ್ಕ

ಬೆಂಗಳೂರಿನಲ್ಲಿ ಮನೆ ಮಾಡಿರುವವರಿಗೆ ಇದನ್ನು ಹೇಳುವುದು ಸುಲಭ. ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರಿಲ್ಲ. ಯಾಕೆ? ಮೇಲಿನ ಟ್ಯಾಂಕೇ ಬಿರುಕು ಬಿಟ್ಟಿರಬೇಕು. ಇಲ್ಲ ಸಂಪಿನಿಂದ ಮೋಟಾರ್ ನೀರು ಎತ್ತುತ್ತಿಲ್ಲ. ಇಲ್ಲ ರಾತ್ರಿಯಿಡೀ ಯಾವುದೋ ನಲ್ಲಿ ಸೋರಿದೆ. ಇನ್ನೊಂದೂ ಇದೆ: ಟ್ಯಾಂಕ್ ತುಂಬಿದೆ, ಪೈಪ್ ಕಟ್ಟಿಕೊಂಡಿದೆ.

ಬ್ಯಾಟರಿಯದ್ದೂ ಅಷ್ಟೇ. ಬ್ಯಾಟರಿಗೇ ಚಾರ್ಜ್ ಹಿಡಿದಿಡುವ ಶಕ್ತಿ ಇಲ್ಲ, ಇಲ್ಲ ಎಂಜಿನ್ ಅದನ್ನು ಚಾರ್ಜ್ ಮಾಡುತ್ತಿಲ್ಲ, ಇಲ್ಲ ಗಾಡಿ ನಿಂತಿದ್ದಾಗ ಯಾವುದೋ ವೈರ್ ಕರೆಂಟ್ ಕುಡಿಯುತ್ತಿದೆ, ಇಲ್ಲ ಟರ್ಮಿನಲ್, ಕೇಬಲ್ ಹಾಳಾಗಿದೆ. ಅಂಗಡಿಗೆ ಹೋದರೆ ಟ್ಯಾಂಕ್ ಬದಲಾಯಿಸಿ ಅಂತಾರೆ, ಅವರು ಮಾರೋದೇ ಟ್ಯಾಂಕು. ಉಳಿದ ಮೂರನ್ನು ನಾವೇ ನೋಡಿಕೊಳ್ಳಬೇಕು.

ಯಾವಾಗ ಡೌನ್ ಆಗುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಮುಗೀತು. ನಿನ್ನೆ ಸಂಜೆ ಚೆನ್ನಾಗಿ ಸ್ಟಾರ್ಟ್ ಆಗಿದ್ದು ಬೆಳಗ್ಗೆ ಸತ್ತಿದ್ದರೆ ಬ್ಯಾಟರಿ ಒಳಗೆ ಒಂದು ಸೆಲ್ ಹೋಗಿರಬೇಕು, ಇಲ್ಲ ದೊಡ್ಡ ಸೋರಿಕೆ ಇರಬೇಕು. ವಾರ ಹತ್ತು ದಿನ ನಿಂತಮೇಲೆ ಡೌನ್ ಆದರೆ ಸಣ್ಣ ಸೋರಿಕೆ. ಹುಲ್ಲು ಕತ್ತರಿಸುತ್ತಾ ಇದ್ದ ಹಾಗೇ ನಡುವೆ ನಿಲ್ಲಿಸಿ, ಕಸ ಎತ್ತಿ, ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿಲ್ಲ ಅಂದರೆ ಚಾರ್ಜಿಂಗ್ ಇಲ್ಲ ಅಂತಲೇ ಹೆಚ್ಚು ಸಂಶಯ ಪಡಿ. ಒಂದು ದಿನ ಚೆನ್ನಾಗಿದೆ, ಇನ್ನೊಂದು ದಿನ ಇಲ್ಲ, ಬಾನೆಟ್ ಮೇಲೆ ಗುದ್ದಿದರೆ ಸರಿಹೋಗುತ್ತದೆ ಅಂದರೆ ಎಲ್ಲೋ ಲೂಸ್ ಇದೆ.

ಸದ್ದನ್ನೂ ಕೇಳಿ. ಟಕ್ ಟಕ್ ಟಕ್ ಅಂತ ಬಡಿದುಕೊಂಡರೆ ಸೋಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಎಳೆಯಲು ನೋಡುತ್ತಿದೆ, ಬ್ಯಾಟರಿಯಲ್ಲಿ ದಮ್ಮಿಲ್ಲ. ಏನೂ ಸದ್ದಿಲ್ಲ, ಆದರೆ ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ ಅಂದರೆ ಅದು ಬ್ಯಾಟರಿ ಕತೆಯೇ ಅಲ್ಲ. ಸೀಟಿನ ಕೆಳಗಿನ ಸ್ವಿಚ್, ಬ್ರೇಕ್ ಪೆಡಲ್ ಸ್ವಿಚ್, ಬ್ಲೇಡ್ ಸ್ವಿಚ್, ಇವುಗಳಲ್ಲಿ ಒಂದು ಕೈಕೊಟ್ಟಿರಬಹುದು. ಅವನ್ನು ಬೈಪಾಸ್ ಮಾಡಿಕೊಡ್ತೀನಿ ಅನ್ನುವ ಜಾಣರಿದ್ದಾರೆ, ದಯವಿಟ್ಟು ಬೇಡ. ಓಡಿಸುವವನು ಸೀಟಿನಿಂದ ಬಿದ್ದರೆ ಬ್ಲೇಡ್ ನಿಲ್ಲಬೇಕು ಅಂತಲೇ ಸೀಟಿನ ಸ್ವಿಚ್ ಇರೋದು.

ಕೈ ಹಾಕುವ ಮೊದಲು

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಉಂಗುರ ಹಾಕಿದ ಕೈಯಲ್ಲಿ ಸ್ಪ್ಯಾನರ್ ಹಿಡಿದಾಗ ಅದು ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಬೆರಳು ಸುಡುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲಿ ಬೀಡಿ ಹಚ್ಚುವ ಹಾಗಿಲ್ಲ. ಇದನ್ನು ನಮ್ಮ ಸೆಕ್ಯುರಿಟಿಯವರಿಗೆ ನಾನು ಮೂರು ಸಲ ಹೇಳಬೇಕಾಯಿತು. ಎಂಜಿನ್ ಓಡಿಸಿ ನೋಡುವ ಕೆಲಸವನ್ನೆಲ್ಲ ಶೆಡ್ಡಿನ ಹೊರಗೆ, ಪಾರ್ಕಿಂಗ್ ಬ್ರೇಕ್ ಹಾಕಿ ಮಾಡಿ.

ಪೈಪ್ ಕಟ್ಟಿದೆಯಾ: ಟರ್ಮಿನಲ್ ಮತ್ತು ಕೇಬಲ್

ಇದು ಬಿಟ್ಟಿ ಕೆಲಸ, ಅದಕ್ಕೇ ಮೊದಲು ಮಾಡಿ. ಸೀಟ್ ಎತ್ತಿ ಅಥವಾ ಬಾನೆಟ್ ತೆಗೆದು ಟರ್ಮಿನಲ್ ಹಿಡಿದು ಕೈಯಲ್ಲಿ ತಿರುಗಿಸಿ ನೋಡಿ. ಅಲುಗಾಡಿದರೆ ಅಲ್ಲೇ ಒಂದು ತಪ್ಪು ಸಿಕ್ಕಿತು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆ ಟೂತ್‌ಬ್ರಶ್ ಅದ್ದಿ ಉಜ್ಜಿ. ಬುರುಬುರು ನೊರೆ ಬಂದು ಪುಡಿ ಕರಗುತ್ತದೆ. ಆ ನೀರು ಸೆಲ್ ಒಳಗೆ ಹೋಗಬಾರದು, ಮುಚ್ಚಳ ಬಿಗಿಯಾಗಿರಲಿ. ಒಣಗಿದಮೇಲೆ ಸೀಸ ಹೊಳೆಯುವವರೆಗೆ ಎಮರಿ ಪೇಪರ್ ಆಡಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ವ್ಯಾಸಲೀನ್ ಹಚ್ಚಿ ಆಮೇಲೆ ಬಿಗಿ ಮಾಡಬೇಡಿ.

ಕೇಬಲ್ ಹೊರಗೆ ಚೆನ್ನಾಗಿ ಕಂಡು ಒಳಗೆ ಕೊಳೆತಿರಬಹುದು. ಅದನ್ನು ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣದ ಜಾಗದಲ್ಲಿ ಒತ್ತಿ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಸೆಲ್ಫ್ ತಿರುಗುವಾಗ ಮೀಟರ್ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೇಬಲ್ಲೋ ಅದರ ಬೋಲ್ಟೋ ಕರೆಂಟನ್ನು ತಡೆಯುತ್ತಿದೆ. ಪ್ಲಸ್ ಕಡೆ ಕೂಡ ಹೀಗೇ, ಬ್ಯಾಟರಿ ಪ್ಲಸ್ಸಿನಿಂದ ಸ್ಟಾರ್ಟರ್ ಮೋಟಾರಿನ ಬೋಲ್ಟಿನವರೆಗೆ. ಅಲ್ಲಿ ಸೆಲ್ಫ್ ತಿರುಗುತ್ತಿರುವಾಗ ಬರುವ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, ಸುಮ್ನೆ ಇದ್ದಾಗ ಪೂರ್ತಿ 12 ವೋಲ್ಟ್ ತೋರಿಸುವುದು ಸಹಜ. ನನ್ನ ಗೆಳೆಯನ ಗಾಡಿಯಲ್ಲಿ ಅರ್ಥ್ ಕಡೆ 1.8 ವೋಲ್ಟ್ ಬಂತು. ಹತ್ತು ನಂಬರ್ ಸ್ಪ್ಯಾನರ್‌ನಲ್ಲಿ ಒಂದು ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಹಾಕಿದ. ಅಷ್ಟೇ, ಗಾಡಿ ಸರಿಹೋಯಿತು. ಅವನು ಹೊಸ ಬ್ಯಾಟರಿ ತರೋಕೆ ಕಾರಿನ ಕೀ ಕೈಯಲ್ಲಿ ಹಿಡಿದು ನಿಂತಿದ್ದ.

ಟ್ಯಾಂಕ್ ಚೆನ್ನಾಗಿದೆಯಾ: ಬ್ಯಾಟರಿ

12 ವೋಲ್ಟ್ ಬ್ಯಾಟರಿ ಅಂತ ಕರೆದರೂ ಪೂರ್ತಿ ಚಾರ್ಜ್ ಆದದ್ದು 12.6ರಿಂದ 12.8 ತೋರಿಸಬೇಕು. ಒಳಗೆ ಆರು ಸೆಲ್, ಒಂದೊಂದೂ 2.1 ವೋಲ್ಟ್. ಜನ ಮೋಸ ಹೋಗುವುದು ಇಲ್ಲೇ. ಮೀಟರ್ 12.0 ತೋರಿಸಿದರೆ "ಹನ್ನೆರಡು ಇದೆಯಲ್ಲ, ಸರಿ ಇದೆ" ಅಂತಾರೆ. 12.0 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ ಅಂತ ಲೆಕ್ಕ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ.

ಅಳೆಯುವ ಸಮಯವೂ ಮುಖ್ಯ. ಈಗಷ್ಟೇ ಚಾರ್ಜರ್ ತೆಗೆದ ಬ್ಯಾಟರಿ 13ರ ಮೇಲೆ ತೋರಿಸಿ ನಂಬಿಸುತ್ತದೆ. ಆರೇಳು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ಮೈನಸ್ ಕೇಬಲ್ ಬಿಚ್ಚಿಟ್ಟು ಬೆಳಗ್ಗೆ ನೋಡಿ. ಕೇಬಲ್ ಬಿಚ್ಚಿದ್ದರೂ 12.6 ಇದ್ದದ್ದು ಬೆಳಗ್ಗೆ 12.1ಕ್ಕೆ ಇಳಿದಿದ್ದರೆ ಸೋರಿಕೆ ಹೊರಗಿಲ್ಲ, ಬ್ಯಾಟರಿಯ ಒಳಗೇ ಇದೆ. ಎಷ್ಟು ಚಾರ್ಜ್ ಮಾಡಿದರೂ 10.5ರ ಸುತ್ತಮುತ್ತ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ. ಇನ್ನು ಅದಕ್ಕೆ ಎಳ್ಳುನೀರು ಬಿಡುವುದೇ.

ಕೇಬಲ್ ಬಿಚ್ಚಿ ಒಂದು ರಾತ್ರಿ ಇಡುವ ಈ ಒಂದು ಪರೀಕ್ಷೆ ಅರ್ಧ ಗೊಂದಲ ತೀರಿಸುತ್ತದೆ. ಬಿಚ್ಚಿಟ್ಟಾಗ ಚೆನ್ನಾಗಿದೆ, ಹಾಕಿಟ್ಟಾಗ ಇಳಿಯುತ್ತದೆ ಅಂದರೆ ಕಳ್ಳ ಗಾಡಿಯಲ್ಲಿದ್ದಾನೆ.

ಆಮೇಲೆ ಲೋಡ್, ಅಂದರೆ ಭಾರ ಬಿದ್ದಾಗ ಬ್ಯಾಟರಿ ತಡೆಯುತ್ತದೆಯಾ ಅನ್ನುವುದು. ಮೀಟರ್ ಬ್ಯಾಟರಿಗೇ ಹಿಡಿದು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಜಾರಿದರೆ, ಅದೂ ಪೂರ್ತಿ ಚಾರ್ಜ್ ಆದ ಬ್ಯಾಟರಿ, ಕೇಬಲ್ ಕೂಡ ಸರಿ ಇದೆ ಅಂದರೆ ಬ್ಯಾಟರಿ ಸುಸ್ತಾಗಿದೆ. ಇದನ್ನು ಬ್ಯಾಟರಿ ಅಂಗಡಿಯವರು ಲೋಡ್ ಟೆಸ್ಟರ್ ಹಿಡಿದು ಎರಡು ನಿಮಿಷದಲ್ಲಿ ನೋಡಿಕೊಡುತ್ತಾರೆ. ಮುಚ್ಚಳ ತೆಗೆಯುವ ಬ್ಯಾಟರಿ ಆದರೆ ಹೈಡ್ರೋಮೀಟರ್ (ಒಳಗಿನ ಆಸಿಡ್ ನೀರಿನ ಸಾಂದ್ರತೆ ಅಳೆಯುವ ಸಾಧನ) ಬಿಟ್ಟು ನೋಡಿಸಿ. ಯಾವುದಾದರೂ ಒಂದು ಸೆಲ್ ಮಿಕ್ಕವುಗಳಿಗಿಂತ 50 ಪಾಯಿಂಟ್ ಕಡಿಮೆ ಇದ್ದರೆ, ಅಂದರೆ ಉಳಿದವು 1.250 ಇದ್ದು ಅದೊಂದು 1.200 ಇದ್ದರೆ, ಆ ಸೆಲ್ ಹೋಗಿದೆ.

ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ, ಕಾವೇರಿ ನೀರೂ ಬೇಡ. ನಮ್ಮ ಶೆಡ್ಡಿನಲ್ಲಿ ಯಾರೋ ಬೋರ್ ನೀರನ್ನೇ ಹಾಕಿದ್ದರು. ನಮ್ಮ ಬೋರ್ ನೀರು ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಕಟ್ಟುತ್ತದೆ, ಬ್ಯಾಟರಿ ಒಳಗಿನ ಸೀಸದ ಪ್ಲೇಟಿನ ಮೇಲೆ ಏನು ಮಾಡುತ್ತದೋ ನೀವೇ ಯೋಚಿಸಿ. ಆಸಿಡ್ ಅಂತೂ ಯಾವತ್ತೂ ಮೇಲಿಂದ ಹಾಕಬೇಡಿ, ಆರಿಹೋಗುವುದು ನೀರು, ಆಸಿಡ್ ಅಲ್ಲ.

ಚಾರ್ಜ್ ಮಾಡುವ ರೀತಿಗೆ ಬರೋಣ. ಇಂಥ ಗಾಡಿಗಳ ಬ್ಯಾಟರಿ ಸಣ್ಣದು, ನಮ್ಮದು 28 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಅದಕ್ಕೆ 2ರಿಂದ 3 ಆಂಪಿಯರ್ ಸಾಕು, ಅರ್ಧ ಖಾಲಿಯಾಗಿದ್ದರೆ ರಾತ್ರಿ ಹಾಕಿ ಬೆಳಗ್ಗೆ ತುಂಬುತ್ತದೆ, ಪೂರ್ತಿ ಖಾಲಿಯಾಗಿದ್ದರೆ ಇನ್ನೂ ಹೊತ್ತು ಬೇಕು. ಮನೆ ಇನ್ವರ್ಟರಿಗೆ ಸಿಕ್ಕಿಸಿ ಚಾರ್ಜ್ ಮಾಡುವವರನ್ನು ನೋಡಿದ್ದೇನೆ. ಅದು 150 ಆಂಪಿಯರ್-ಅವರ್ ಬ್ಯಾಟರಿಗೆ ಅಂತ ಮಾಡಿದ್ದು, ಹತ್ತು ಆಂಪಿಯರ್‌ಗಿಂತ ಜಾಸ್ತಿ ತಳ್ಳುತ್ತದೆ. ಸಣ್ಣ ಬ್ಯಾಟರಿ ಬಿಸಿಯಾಗಿ, ಹೊಟ್ಟೆ ಉಬ್ಬಿ, ವಾಸನೆ ಬರೋಕೆ ಶುರುವಾಗುತ್ತದೆ.

ಮೋಟಾರ್ ನೀರು ಎತ್ತುತ್ತಿದೆಯಾ: ಚಾರ್ಜಿಂಗ್

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕತೆ ಇಲ್ಲೇ ಇರುವುದು.

ಎಂಜಿನ್ನಿನ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕೆಳಗೆ ಒಂದು ಕಾಯಿಲ್ ಇದೆ. ಫ್ಲೈವೀಲಿನ ಮ್ಯಾಗ್ನೆಟ್ ಅದರ ಸುತ್ತ ತಿರುಗಿ ಎಸಿ ಕರೆಂಟ್ ಹುಟ್ಟಿಸುತ್ತದೆ. ಅದನ್ನು ಡಿಸಿ ಮಾಡಿ, 14ರ ಆಸುಪಾಸಿಗೆ ಕಟ್ಟಿಹಾಕುವುದು ಒಂದು ಸಣ್ಣ ಅಲ್ಯುಮಿನಿಯಂ ಡಬ್ಬಿ. ಬೈಕ್ ಮೆಕ್ಯಾನಿಕ್‌ಗಳು ಅದನ್ನು ಆರ್‌ಆರ್ ಯೂನಿಟ್ ಅಂತಾರೆ. ಬೈಕಿನಲ್ಲಿರುವ ವ್ಯವಸ್ಥೆಯೇ ಇಲ್ಲೂ ಇದೆ, ಹಾಗಾಗಿ ಮೋವರ್ ನೋಡೇ ಇರದ ಒಳ್ಳೆ ಬೈಕ್ ಎಲೆಕ್ಟ್ರಿಷಿಯನ್‌ಗೂ ಇದು ಅರ್ಥವಾಗುತ್ತದೆ. ಕಂಪನಿ ಸರ್ವಿಸ್ ಬರಲು ಹದಿನೈದು ದಿನ ಅಂದಾಗ ಇದು ಉಪಯೋಗಕ್ಕೆ ಬರುವ ಮಾತು.

ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ವೋಲ್ಟ್ ಬರೆದುಕೊಳ್ಳಿ, 12.5 ಅಂತಿಟ್ಟುಕೊಳ್ಳಿ. ಸ್ಟಾರ್ಟ್ ಮಾಡಿ, ಥ್ರಾಟಲ್ (ಎಂಜಿನ್ ವೇಗ ಹೆಚ್ಚು ಕಡಿಮೆ ಮಾಡುವ ಲಿವರ್) ಪೂರ್ತಿ ಮೇಲಕ್ಕೆ ತಳ್ಳಿ, ಎರಡು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. 13.5ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿ. 12.5ರಲ್ಲೇ ಕೂತಿದ್ದರೆ, ಅಥವಾ ನಿಧಾನಕ್ಕೆ ಇಳಿಯುತ್ತಿದ್ದರೆ, ಏನೂ ಬರುತ್ತಿಲ್ಲ. 15 ದಾಟಿದರೆ ಆರ್‌ಆರ್ ಯೂನಿಟ್ ಕಟ್ಟು ಬಿಟ್ಟಿದೆ, ಬ್ಯಾಟರಿಯನ್ನು ಕುದಿಸುತ್ತಿದೆ, ನೀರು ಬೇಗ ಬೇಗ ಆರುವುದಕ್ಕೂ ಇದೇ ಕಾರಣ.

ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು "ಆಫ್ ಆಗುತ್ತಾ ನೋಡೋಣ" ಅನ್ನುವ ಹಳೆ ವಿದ್ಯೆ ಒಂದಿದೆ. ಮಾಡಲೇಬೇಡಿ. ವೋಲ್ಟೇಜ್ ಒಮ್ಮೆಗೇ ಏರಿ ಆರ್‌ಆರ್ ಯೂನಿಟ್ ಸುಟ್ಟುಹೋಗಬಹುದು. ಸರಿ ಇದ್ದದ್ದನ್ನು ಕೆಡಿಸಿ ಪರೀಕ್ಷೆ ಮಾಡಿದ ಹಾಗಾಗುತ್ತದೆ.

ಚಾರ್ಜ್ ಬರುತ್ತಿಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಕಣ್ಣಲ್ಲಿ ನೋಡಿ ಬಿಡಬೇಡಿ, ಮೀಟರಿನಲ್ಲಿ ಬೀಪ್ ಆಗುತ್ತಾ ನೋಡಿ. ಆಮೇಲೆ ಕಾಯಿಲ್. ಎಂಜಿನ್ ನಿಲ್ಲಿಸಿ, ಆರ್‌ಆರ್ ಯೂನಿಟ್ಟಿಗೆ ಹೋಗುವ ಕಾಯಿಲ್ ವೈರಿನ ಕನೆಕ್ಟರ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಆ ಎರಡು ವೈರ್‌ಗಳ ನಡುವೆ ಅಳೆಯಿರಿ. ಪೂರ್ತಿ ಥ್ರಾಟಲ್‌ನಲ್ಲಿ 20ಕ್ಕೂ ಜಾಸ್ತಿ ಬರುವುದು ಸಾಮಾನ್ಯ, ಸರಿಯಾದ ಅಂಕಿ ನಿಮ್ಮ ಎಂಜಿನ್ ಕೈಪಿಡಿಯಲ್ಲಿರುತ್ತದೆ. ಏನೂ ಬರದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲ ಇಲಿ ವೈರ್ ಕಡಿದಿದೆ. ನಗಬೇಡಿ, ಕನಕಪುರ ರಸ್ತೆಯ ಗಾಡಿಯಲ್ಲಿ ಆಗಿದ್ದು ಇದೇ. ಫ್ಲೈವೀಲ್ ಮೇಲಿನ ಕವರಿನೊಳಗೆ ಒಣಹುಲ್ಲು ತುಂಬಿ ಗೂಡು ಮಾಡಿತ್ತು.

ಕಾಯಿಲ್ ಚೆನ್ನಾಗಿದೆ, ಆದರೂ ಬ್ಯಾಟರಿಗೆ ಬರುತ್ತಿಲ್ಲ ಅಂದರೆ ತಪ್ಪು ಆರ್‌ಆರ್ ಯೂನಿಟ್ಟಿನದು ಅಂತ ಎಲ್ಲರೂ ಹೇಳುತ್ತಾರೆ. ಮುಕ್ಕಾಲು ಪಾಲು ಸರಿ. ಆದರೆ ತಗೊಳ್ಳುವ ಮೊದಲು ಅದರ ಎರಡು ಬೋಲ್ಟ್ ಬಿಚ್ಚಿ ನೋಡಿ. ತುಂಬಾ ಗಾಡಿಗಳಲ್ಲಿ ಈ ಡಬ್ಬಿಗೆ ಬೇರೆ ಅರ್ಥ್ ವೈರ್ ಇರುವುದಿಲ್ಲ, ಅದರ ಮೈಯೇ ಅರ್ಥ್. ಬೋಲ್ಟಿನ ಮೂಲಕವೇ ಕರೆಂಟ್ ವಾಪಸ್ ಹೋಗಬೇಕು. ನಮ್ಮ ಗಾಡಿಯಲ್ಲಿ ಕಾಯಿಲ್ 27 ವೋಲ್ಟ್ ಎಸಿ ಕೊಡುತ್ತಿತ್ತು, ಬ್ಯಾಟರಿಯಲ್ಲಿ ಮಾತ್ರ 12.3. ಬೋಲ್ಟ್ ಬಿಚ್ಚಿದೆ. ಕೆಳಗೆ ಅಡಿಕೆ ಚೂರಿನ ಬಣ್ಣದ ತುಕ್ಕು, ಹೊರಳಿಸಿದರೆ ಹಪ್ಪಳದ ಹಾಗೆ ಪದರ ಪದರ ಎದ್ದು ಬಂತು. ಶೆಡ್ಡಿನ ಪಕ್ಕದಲ್ಲೇ ಸ್ಪ್ರಿಂಕ್ಲರ್ ಇದೆ, ಪ್ರತಿ ಸಂಜೆ ಆ ಕಡೆ ನೀರು ಚಿಮುಕಿಸುತ್ತಿತ್ತು ಅಂತ ಆಗ ಹೊಳೆಯಿತು. ಎಮರಿಯಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದರೆ 14.1. ಮಾಲಿ ಮೀಟರ್ ನೋಡಿ "ಇಷ್ಟೇನಾ ಸಾರ್?" ಅಂದ. ಎರಡು ಬ್ಯಾಟರಿಯ ದುಡ್ಡು ನೆನಪಾಗಿ ನಾನು ಮಾತಾಡಲಿಲ್ಲ.

ಹಾಗಾದರೆ ಚಾರ್ಜಿಂಗೇ ಇಲ್ಲದಿದ್ದಾಗ ಹೊಸ ಬ್ಯಾಟರಿ ಎರಡು ಮೂರು ವಾರ ಹೇಗೆ ಓಡಿತು? ಲೆಕ್ಕ ಹಾಕಿ. ಸೆಲ್ಫ್ ಸುಮಾರು 100 ಆಂಪಿಯರ್ ಎಳೆದರೂ ಐದು ಸೆಕೆಂಡಿಗೆ ಆಗುವ ಖರ್ಚು 0.14 ಆಂಪಿಯರ್-ಅವರ್ ಅಷ್ಟೇ. ಅದು ಏನೂ ಅಲ್ಲ. ಬ್ಯಾಟರಿ ತಿನ್ನುವುದು ಬ್ಲೇಡನ್ನು ಎಂಜಿನ್ನಿಗೆ ಜೋಡಿಸುವ ಎಲೆಕ್ಟ್ರಿಕ್ ಕ್ಲಚ್. ಬ್ಲೇಡ್ ತಿರುಗುತ್ತಿರುವಷ್ಟು ಹೊತ್ತೂ ಅದು 4 ಆಂಪಿಯರ್ ಆಸುಪಾಸು ಎಳೆಯುತ್ತಲೇ ಇರುತ್ತದೆ. ಒಂದು ಗಂಟೆ ಹುಲ್ಲು ಕತ್ತರಿಸಿದರೆ 4 ಆಂಪಿಯರ್-ಅವರ್ ಹೋಯಿತು. ವಾರಕ್ಕೆ ಎರಡು ಗಂಟೆ ಕೆಲಸ ಅಂದರೆ ಎರಡು ವಾರಕ್ಕೆ 28ರಲ್ಲಿ 16 ಖಾಲಿ. ಮೂರನೇ ವಾರ "ಸಾರ್, ಮತ್ತೆ ಸೆಲ್ಫ್ ಹೊಡೀತಿಲ್ಲ." ಅಂಗಡಿಗೆ ಒಯ್ದರೆ ಅವರು ಚಾರ್ಜ್ ಮಾಡಿ, ಟೆಸ್ಟ್ ಮಾಡಿ, ಬ್ಯಾಟರಿ ಓಕೆ ಅಂತ ಕಳಿಸುತ್ತಿದ್ದರು. ಅವರು ಹೇಳಿದ್ದು ನಿಜವೇ. ಬೈದದ್ದು ನಮ್ಮ ತಪ್ಪು.

ಮುಗಿಯಿತು ಅಂದುಕೊಂಡಮೇಲೆ

ತುಕ್ಕು ಕೆರೆದು ಒಂದು ತಿಂಗಳಿಗೆ ವೋಲ್ಟ್ ಮತ್ತೆ 12.2. ಡೌನ್ ಆಗಿರಲಿಲ್ಲ, ಆದರೆ ಇಳಿಯುತ್ತಿತ್ತು. ಆರ್‌ಆರ್ ಯೂನಿಟ್ ನೋಡಿದೆ, ಬೋಲ್ಟ್ ನೋಡಿದೆ, ಎಲ್ಲ ಸರಿ. ಪೂರ್ತಿ ಥ್ರಾಟಲ್‌ನಲ್ಲಿ 14.1 ಇದ್ದೇ ಇದೆ.

ಒಂದು ದಿನ ಬೆಳಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಾಗ ಗೊತ್ತಾಯಿತು. ಗಾಡಿ ಗುರುಗುರು ಅಂತ ಬಹಳ ಮೆತ್ತಗೆ ಓಡುತ್ತಿದೆ. ಕೆಳಗೆ ಹೋಗಿ ಕೇಳಿದರೆ ಮಾಲಿ, "ಬಿ ಬ್ಲಾಕ್ ಮೇಡಂ ಸದ್ದು ಜಾಸ್ತಿ ಅಂತ ಬೈದ್ರು ಸಾರ್, ಅದಕ್ಕೇ ಸ್ಲೋ ಇಟ್ಕೊಂಡ್ ಹೊಡೀತೀನಿ" ಅಂದ. ಪಾಪ, ಅವನದೇನು ತಪ್ಪು?

ಕಾಯಿಲ್ ಹುಟ್ಟಿಸುವ ಕರೆಂಟ್ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಈ ಗಾಡಿಗಳನ್ನು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಲು ಅಂತಲೇ ಮಾಡಿರುವುದು, ನಿಧಾನ ಬೇಕಾದರೆ ಗಾಡಿಯ ವೇಗ ಕಡಿಮೆ ಮಾಡಬೇಕು, ಎಂಜಿನ್ನಿನದ್ದಲ್ಲ. ಅರ್ಧ ಥ್ರಾಟಲ್‌ನಲ್ಲಿ ಬ್ಲೇಡ್ ಹಾಕಿ ಮೀಟರ್ ಹಿಡಿದೆ: 12.4, ನಿಧಾನಕ್ಕೆ ಇಳಿಯುತ್ತಿದೆ. ಕ್ಲಚ್ ತಿನ್ನುವಷ್ಟನ್ನೂ ಕಾಯಿಲ್ ಕೊಡುತ್ತಿಲ್ಲ. ಈಗ ಹುಲ್ಲು ಕತ್ತರಿಸುವುದು ಬೆಳಗ್ಗೆ 10ರ ಮೇಲೆ, ಪೂರ್ತಿ ಥ್ರಾಟಲ್‌ನಲ್ಲಿ. ಮೇಡಂ ಆ ಹೊತ್ತಿಗೆ ಆಫೀಸಿಗೆ ಹೋಗಿರುತ್ತಾರೆ. ಬ್ಯಾಟರಿ ರಿಪೇರಿಗೆ ಬ್ಲಾಕಿನ ಟೈಮ್‌ಟೇಬಲ್ ಬದಲಾಯಿಸಬೇಕಾಗುತ್ತದೆ ಅಂತ ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ನಲ್ಲಿ ಸೋರುತ್ತಿದೆಯಾ: ನಿಂತಾಗ ಹೋಗುವ ಕರೆಂಟ್

ಕೀ ತೆಗೆದುಬಿಡಿ. ಮೈನಸ್ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ಮೊನೆ ಬಿಚ್ಚಿದ ಕೇಬಲ್ಲಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. ಈಗ ಗಾಡಿ ಕುಡಿಯುವ ಕರೆಂಟೆಲ್ಲ ಮೀಟರ್ ಮೂಲಕ ಹೋಗುತ್ತದೆ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಕೆಲಸ ಮುಗಿದಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕುವುದನ್ನು ಮರೆಯಬೇಡಿ. ಆಂಪಿಯರ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟ್ ನೋಡಲು ಹೋದರೆ ನೇರ ಶಾರ್ಟ್. ನಾನು ಮಾಡಿದ್ದೇನೆ, ಕಿಡಿ ಹಾರಿ ಎದೆ ಧಸಕ್ ಅಂದಿತು.

ಸೊನ್ನೆ ಬಂದರೆ ಚೆನ್ನ. ಗಾಡಿ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ಅಥವಾ ಡಿಜಿಟಲ್ ಡಿಸ್‌ಪ್ಲೇ ಇದ್ದರೆ ಕೆಲವು ಮಿಲಿಆಂಪಿಯರ್ ಸಹಜ. ಆದರೆ 80 ಮಿಲಿಆಂಪಿಯರ್ ಬಂತು ಅಂದುಕೊಳ್ಳಿ. ದಿನಕ್ಕೆ ಸುಮಾರು 1.9 ಆಂಪಿಯರ್-ಅವರ್. ಒಂದು ವಾರದಲ್ಲಿ 28ರ ಬ್ಯಾಟರಿ ಅರ್ಧ, ಎರಡು ವಾರದಲ್ಲಿ ಖಾಲಿ.

ಈಗ ಒಂದೊಂದೇ ಬಿಚ್ಚುತ್ತಾ ಮೀಟರ್ ನೋಡಿ. ಫ್ಯೂಸ್ ತೆಗೆದಾಗ ಅಂಕಿ ಬಿದ್ದರೆ ಆ ಸಾಲಿನಲ್ಲೇ ಇದೆ. ಆರ್‌ಆರ್ ಯೂನಿಟ್ ಕನೆಕ್ಟರ್ ತೆಗೆದಾಗ ಬಿದ್ದರೆ ಅದರ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿದೆ. ಇಂಥ ಯೂನಿಟ್ ಒಮ್ಮೊಮ್ಮೆ ಚಾರ್ಜ್ ಕೂಡ ಚೆನ್ನಾಗೇ ಮಾಡುತ್ತಿರುತ್ತದೆ, ಹಾಗಾಗಿ ಯಾರೂ ಅದರ ಮೇಲೆ ಸಂಶಯ ಪಡುವುದಿಲ್ಲ. ಗಾಡಿ ನಿಂತು ರಾತ್ರಿ ಕಳೆದಮೇಲೂ ಡಬ್ಬಿ ಮುಟ್ಟಿದರೆ ಬೆಚ್ಚಗಿದ್ದರೆ ಅದೇ ಕಳ್ಳ. ಕೀ ಸ್ವಿಚ್ ಹಿಂದಿನ ಪ್ಲಗ್ ತೆಗೆದಾಗ ಬಿದ್ದರೆ ಸ್ವಿಚ್ ಒಳಗೆ ಧೂಳು, ತೇವ ಸೇರಿದೆ.

ಆಮೇಲೆ ನಾವೇ ಸೇರಿಸಿದ ಸಾಮಾನುಗಳು. ನಮ್ಮ ಗಾಡಿಗೆ ಮಾಲಿ ಒಂದು ಫೋನ್ ಚಾರ್ಜರ್ ಸಾಕೆಟ್ ಹಾಕಿಸಿಕೊಂಡಿದ್ದ, ಹಾಡು ಕೇಳೋಕೆ. ಅದರ ವೈರ್ ಕೀ ದಾಟಿ ನೇರ ಬ್ಯಾಟರಿಗೆ. ಫೋನ್ ಇಲ್ಲದಿದ್ದರೂ ಅದರ ನೀಲಿ ದೀಪ ಉರಿಯುತ್ತಲೇ ಇತ್ತು, 20 ಮಿಲಿಆಂಪಿಯರ್. ಮಳೆಗಾಲದಲ್ಲಿ ವಾರ ವಾರ ಗಾಡಿ ಓಡುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಬೇಸಿಗೆಯಲ್ಲಿ ಇದೇ ಕೊಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ತಾಪತ್ರಯ ಬಂದು, ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗ ನಮ್ಮ ಲಾನ್ ಒಣಗಿ ಕಂದಾಗಿತ್ತು. ಗಾಡಿ ಎರಡು ತಿಂಗಳಿಗೂ ಜಾಸ್ತಿ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. 20 ಮಿಲಿಆಂಪಿಯರ್‌ನಲ್ಲಿ 28 ಖಾಲಿಯಾಗಲು 58 ದಿನ ಸಾಕು. ಖಾಲಿಯಾದ ಬ್ಯಾಟರಿ ಹಾಗೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಗಾಡಿಯ ಜೊತೆ ಬಂದಿದ್ದ ಮೊದಲ ಬ್ಯಾಟರಿ ಸತ್ತದ್ದು ಹೀಗೆ. ಅದೊಂದು ಮಾತ್ರ ನಿಜವಾಗಿ ಸತ್ತದ್ದು. ಸಾಕೆಟ್ಟನ್ನು ತೆಗೆಸಲಿಲ್ಲ, ಹಾಡಿಲ್ಲದೆ ಕೆಲಸ ಹೇಗೆ? ವೈರನ್ನು ಕೀ ಸ್ವಿಚ್ ಮೂಲಕ ತಂದೆವು.

ಜನವರಿಯಿಂದ ಮಳೆ ಶುರುವಾಗುವವರೆಗೆ ಗಾಡಿ ನಿಲ್ಲಿಸುವುದಾದರೆ ಮೈನಸ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಬಿಸಿ ಜಾಸ್ತಿಯಾದಷ್ಟೂ ಬ್ಯಾಟರಿ ತಾನಾಗೇ ಬೇಗ ಇಳಿಯುತ್ತದೆ, ತಗಡಿನ ಶೆಡ್ಡಿಗಿಂತ ಕಾರಿಡಾರಿನ ಮೂಲೆ ವಾಸಿ.

ಹೊಸದೇ ಬೇಕು ಅಂತಾದರೆ

ಹಳೆಯದನ್ನು ಅಂಗಡಿಗೆ ಒಯ್ಯಿರಿ. ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ, ಅದೇ ತರಹದ್ದೇ ತನ್ನಿ. ಉಲ್ಟಾ ಸಿಕ್ಕರೆ ಕೇಬಲ್ ಮುಟ್ಟುವುದಿಲ್ಲ, ಎಳೆದು ಅಡ್ಡ ಹಾಕುತ್ತಾರೆ, ಒಮ್ಮೆ ಪ್ಲಸ್ ಮೈನಸ್ ಅದಲು ಬದಲಾದರೆ ಆರ್‌ಆರ್ ಯೂನಿಟ್ ಕತೆ ಮುಗೀತು. ಸಣ್ಣ ಕಾರಿನ ಬ್ಯಾಟರಿ ಹಾಕುವವರಿದ್ದಾರೆ. ಕೂತರೆ ತೊಂದರೆಯಿಲ್ಲ, ಆದರೆ ಎತ್ತರ ಜಾಸ್ತಿಯಾಗಿ ಸೀಟಿನ ತಳದ ಕಬ್ಬಿಣ ಪ್ಲಸ್ಸಿಗೆ ತಾಗಿದರೆ ಕೂತವನ ಕೆಳಗೇ ಕಿಡಿ. ಯುಪಿಎಸ್ ಬ್ಯಾಟರಿ ಅಳತೆಗೆ ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ, ಆದರೆ ಅದು ನಿಧಾನಕ್ಕೆ ಕೊಡಲು ಮಾಡಿದ್ದು. ಸೆಲ್ಫ್ ಕೇಳುವ ಒಂದೇ ಗುಟುಕಿನ ಕರೆಂಟಿಗೆ ಅದು ಬೇಗ ಸೋಲುತ್ತದೆ. ಆರ್‌ಆರ್ ಯೂನಿಟ್, ಸೋಲೆನಾಯ್ಡ್ ಇವಕ್ಕೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ನೋಡಬಹುದು, ಹಳೆ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ.

ಹಳೆ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ರಸೀದಿಯಲ್ಲಿ ಕಡಿತ ಕೇಳಿ. ಕಸದ ಗಾಡಿಗೆ ಹಾಕುವ ಹಾಗಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಒಳಗಿರುವುದು ಸೀಸ ಮತ್ತು ಆಸಿಡ್.

ನಮ್ಮ ಗಾಡಿಯಲ್ಲಿ ಈಗಲೂ ಇರುವುದು ಅಕ್ಟೋಬರ್‌ನಲ್ಲಿ ಹಾಕಿದ ಬ್ಯಾಟರಿಯೇ. ಮಾಲಿ ಸೋಮವಾರ ಸೋಮವಾರ ಮೀಟರ್ ಹಿಡಿದು ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾನೆ, ಹೋದ ವಾರದ್ದು 12.6. ಜೂನ್‌ನಲ್ಲಿ ತಂದಿದ್ದನ್ನು ಹಳೆಯದು ಅಂತ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದೆವು. ಅದಕ್ಕಾಗ ನಾಲ್ಕು ತಿಂಗಳೂ ತುಂಬಿರಲಿಲ್ಲ.